ಜಾರ್ಜ್ ಹ್ಯಾರಿಸನ್ ಸೋಲೋ, 1970–74: ಯಾವ ಆಲ್ಬಂನಿಂದ ಶುರು, ಯಾವ ಮಿಕ್ಸ್‌ನಲ್ಲಿ?

ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್ ಒಡೆದ ಸುದ್ದಿ 1970ರ ಏಪ್ರಿಲ್ 10ರಂದು ಪತ್ರಿಕೆಗಳಲ್ಲಿ ಬಂತು. ಲೆನನ್ ಮತ್ತು ಮೆಕಾರ್ಟ್ನಿ ಹೆಸರುಗಳ ನೆರಳಲ್ಲಿ ವರ್ಷಗಟ್ಟಲೆ ಕಳೆದಿದ್ದ ತಂಡದ ಗಿಟಾರಿಸ್ಟ್ ಜಾರ್ಜ್ ಹ್ಯಾರಿಸನ್ ಅದೇ ನವೆಂಬರ್ ಕೊನೆಗೆ ಮೂರು ಎಲ್‌ಪಿಗಳ ಒಂದು ಪೆಟ್ಟಿಗೆಯನ್ನೇ ಹೊರತಂದರು: ‘ಆಲ್ ಥಿಂಗ್ಸ್ ಮಸ್ಟ್ ಪಾಸ್’. ಅವರನ್ನು ಹೊಸದಾಗಿ ಕೇಳಲು ಹೊರಟವರಿಗೆ ಎಲ್ಲರೂ ಮೊದಲು ತೋರಿಸುವುದು ಇದನ್ನೇ. ತೋರಿಸಿದ್ದು ತಪ್ಪಲ್ಲ. ಆದರೆ ಇದರ ಯಾವ ಆವೃತ್ತಿ, ಎಷ್ಟು ಭಾಗ, ಯಾವುದರಲ್ಲಿ ಕೇಳಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಫೋನಿನ ಸ್ಪೀಕರ್‌ನಲ್ಲಿ ಒಂದೇ ಏಟಿಗೆ ಒಂದೂಮುಕ್ಕಾಲು ಗಂಟೆ ಹಾಕಿಕೊಂಡು ಕೂತರೆ ಮೂರನೇ ಹಾಡಿಗೇ ತಲೆ ಚಿಟ್ಟು ಹಿಡಿಯುತ್ತದೆ. ಹಾಡು ಸರಿಯಿಲ್ಲ ಎಂದುಕೊಂಡು ಬಿಟ್ಟುಬಿಡುತ್ತೀರಿ.

ಆಯ್ಕೆಗೆ ಮುಖ್ಯವಾಗಿ ನಾಲ್ಕು ಇವೆ. 1970ರ ಈ ಪೆಟ್ಟಿಗೆ, 1971ರ ‘ಕಾನ್ಸರ್ಟ್ ಫಾರ್ ಬಾಂಗ್ಲಾದೇಶ್’, 1973ರ ‘ಲಿವಿಂಗ್ ಇನ್ ದ ಮೆಟೀರಿಯಲ್ ವರ್ಲ್ಡ್’, 1974ರ ‘ಡಾರ್ಕ್ ಹಾರ್ಸ್’. ತಂಡ ಒಡೆಯುವ ಮೊದಲೇ ಜಾರ್ಜ್ ಹೆಸರಲ್ಲಿ ಎರಡು ಬಂದಿದ್ದವು. 1968ರ ‘ವಂಡರ್‌ವಾಲ್ ಮ್ಯೂಸಿಕ್’ ಒಂದು ಸಿನಿಮಾದ ಹಿನ್ನೆಲೆ ಸಂಗೀತ. ಅದರ ಒಂದು ಪಾಲು ಆ ವರ್ಷದ ಜನವರಿಯಲ್ಲಿ ಬಾಂಬೆಯ ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ಕಲಾವಿದರ ಜತೆ ಆದದ್ದು, ಶಿವಕುಮಾರ್ ಶರ್ಮಾ ಅವರ ಸಂತೂರ್, ಆಶಿಶ್ ಖಾನ್ ಅವರ ಸರೋದ್ ಅದರಲ್ಲಿದೆ. 1969ರ ‘ಎಲೆಕ್ಟ್ರಾನಿಕ್ ಸೌಂಡ್’ ಮೂಗ್ ಸಿಂಥಸೈಸರ್‌ನ ಎರಡು ಉದ್ದುದ್ದ ಪ್ರಯೋಗ. ಮೊದಲನೆಯದನ್ನು ನಿಧಾನವಾಗಿ ಕೇಳಬಹುದು. ಎರಡನೆಯದು ಸಂಗ್ರಹ ಪೂರ್ತಿ ಮಾಡುವವರಿಗೆ ಮಾತ್ರ.

ಕೂಡಿಟ್ಟ ಹಾಡುಗಳು, ಹೊಸ ಹಾಡುಗಳು

1970ರ ಆಲ್ಬಂಗೂ 1973ರ ಆಲ್ಬಂಗೂ ಇರುವ ದೊಡ್ಡ ವ್ಯತ್ಯಾಸ ಶೈಲಿಯದ್ದಲ್ಲ, ಹಾಡುಗಳ ವಯಸ್ಸಿನದ್ದು. ಬೀಟಲ್ಸ್‌ನಲ್ಲಿ ಜಾರ್ಜ್‌ಗೆ ಒಂದು ಎಲ್‌ಪಿಗೆ ಒಂದೋ ಎರಡೋ ಹಾಡು ಸಿಕ್ಕರೆ ಅದೇ ಹೆಚ್ಚು. ‘ರಿವಾಲ್ವರ್’ನಲ್ಲಿ ಮೂರು ಸಿಕ್ಕಿದ್ದೇ ದೊಡ್ಡದು. ಉಳಿದವು ಮೂಲೆ ಸೇರುತ್ತಿದ್ದವು. ‘ಇಸಂಟ್ ಇಟ್ ಎ ಪಿಟಿ’ 1966ರಷ್ಟು ಹಳೆಯದು. ‘ಆಲ್ ಥಿಂಗ್ಸ್ ಮಸ್ಟ್ ಪಾಸ್’, ‘ಲೆಟ್ ಇಟ್ ಡೌನ್’, ‘ಹಿಯರ್ ಮಿ ಲಾರ್ಡ್’ ಈ ಮೂರನ್ನೂ 1969ರ ಜನವರಿಯಲ್ಲಿ ತಂಡದ ಮುಂದೆ ಹಾಡಿ ತೋರಿಸಿದ್ದರು, ಯಾವುದೂ ದಡ ಸೇರಲಿಲ್ಲ. ಅದೇ ತಿಂಗಳ 10ರಂದು ಟ್ವಿಕೆನಮ್ ಸ್ಟುಡಿಯೋದಲ್ಲಿ ಬೇಸತ್ತು ಎದ್ದು ಮನೆಗೆ ಹೋದರಲ್ಲ, ‘ವಾ-ವಾ’ ಹುಟ್ಟಿದ್ದು ಆ ದಿನ. ಹಾಗಾಗಿ 1970ರ ಪೆಟ್ಟಿಗೆಯಲ್ಲಿರುವುದು ವರ್ಷಗಟ್ಟಲೆ ಸೋಸಿ ಉಳಿದ ಮಾಲು. 1973ರದ್ದು ಬಹುಪಾಲು ಆಮೇಲೆ ಬರೆದದ್ದು: ಸಣ್ಣದು, ಒಂದೇ ಮನಸ್ಥಿತಿಯದು, ಹೆಚ್ಚು ಭಕ್ತಿಯದು.

ಹಾಡಿನ ಧಾಟಿಗಾಗಿ ಕೇಳುವವರು 1970ರಿಂದ ಶುರು ಮಾಡಬೇಕು. ಕಂಠ, ಗಿಟಾರ್, ಪಿಯಾನೋ ಬಿಡಿಬಿಡಿಯಾಗಿ ಕೇಳಿಸಬೇಕು ಅನ್ನುವವರು 1973ರಿಂದ. ಹೆಚ್ಚಿನ ಗೈಡುಗಳು ಈ ಎರಡನೇ ದಾರಿಯನ್ನು ಹೇಳುವುದೇ ಇಲ್ಲ. ಹಿಂದೂಸ್ತಾನಿಯನ್ನೋ ಕರ್ನಾಟಕ ಸಂಗೀತವನ್ನೋ ಕೇಳಿ ಬೆಳೆದ ಕಿವಿಗೆ ಎರಡನೆಯದೇ ಬೇಗ ಹತ್ತುತ್ತದೆ ಅನ್ನುವುದು ನಮ್ಮ ಅಭಿಪ್ರಾಯ.

ಪೆಟ್ಟಿಗೆಯನ್ನು ಹೇಗೆ ಬಿಡಿಸುವುದು

‘ಆಲ್ ಥಿಂಗ್ಸ್ ಮಸ್ಟ್ ಪಾಸ್’ನಲ್ಲಿ ಆರು ಬದಿ, 23 ಟ್ರ್ಯಾಕ್. ಮೊದಲ ನಾಲ್ಕು ಬದಿಗಳಲ್ಲಿ 18 ಹಾಡು. ಕೊನೆಯ ಎರಡು ಬದಿ ‘ಆಪಲ್ ಜಾಮ್’: ಸ್ಟುಡಿಯೋದಲ್ಲಿ ಬಿಡುವಾದಾಗ ಎಲ್ಲರೂ ಸೇರಿ ಮನಸೋಇಚ್ಛೆ ನುಡಿಸಿದ್ದು, ನಡುವೆ ಒಂದು ಹುಟ್ಟುಹಬ್ಬದ ತಮಾಷೆ. ಮೊದಲ ಸುತ್ತಿನಲ್ಲಿ ಐದನೇ ಮತ್ತು ಆರನೇ ಬದಿಯನ್ನು ಮುಟ್ಟಲೇಬೇಡಿ. ಅಲ್ಲಿ ನುಡಿಸುತ್ತಿರುವ ಎರಿಕ್ ಕ್ಲಾಪ್ಟನ್, ಬಾಬಿ ವಿಟ್ಲಾಕ್, ಕಾರ್ಲ್ ರೇಡಲ್, ಜಿಮ್ ಗಾರ್ಡನ್ ಅದೇ ವರ್ಷ ‘ಡೆರೆಕ್ ಅಂಡ್ ದ ಡಾಮಿನೋಸ್’ ತಂಡವಾದರು. ಆ ತಂಡದ ಮೇಲೆ ಪ್ರೀತಿ ಇದ್ದವರಿಗೆ ಜಾಮ್ ಒಂದು ದಾಖಲೆ. ಉಳಿದವರಿಗೆ ಅರ್ಧ ಗಂಟೆ ನಷ್ಟ.

ಉಳಿದ 18 ಹಾಡುಗಳನ್ನು ಒಂದು ದಿನಕ್ಕೆ ಒಂದು ಬದಿಯಂತೆ ಕೇಳಿ, ಸುಮಾರು ಇಪ್ಪತ್ತು ನಿಮಿಷ. ಆಲ್ಬಂ ಕಟ್ಟಿರುವುದೇ ಹಾಗೆ. ಪ್ರತಿ ಬದಿಗೂ ತನ್ನದೇ ಏರಿಳಿತ ಇದೆ. ಎರಡನೇ ಬದಿ ‘ವಾಟ್ ಈಸ್ ಲೈಫ್’ನ ಅಬ್ಬರದಿಂದ ಶುರುವಾಗಿ ‘ರನ್ ಆಫ್ ದ ಮಿಲ್’ನಲ್ಲಿ ತಣ್ಣಗಾಗುತ್ತದೆ. ಸ್ಟ್ರೀಮಿಂಗ್‌ನಲ್ಲಿ ಶಫಲ್ ಆನ್ ಇದ್ದರೆ ಇದೆಲ್ಲ ಮಣ್ಣುಪಾಲು. ಸಾಲದ್ದಕ್ಕೆ ‘ಇಸಂಟ್ ಇಟ್ ಎ ಪಿಟಿ’ ಎರಡು ಸಲ ಇದೆ. ಮೊದಲ ಬದಿಯದ್ದು ಏಳು ನಿಮಿಷ ದಾಟುವ, ಕೊನೆಕೊನೆಗೆ ವಾದ್ಯವೃಂದವೇ ಎದ್ದು ನಿಲ್ಲುವ ರೂಪ. ನಾಲ್ಕನೇ ಬದಿಯದ್ದು ಗಿಡ್ಡ, ನಿಧಾನ, ಸುಸ್ತಾದ ದನಿ. ಶಫಲ್‌ನಲ್ಲಿ ಎರಡೂ ಪಕ್ಕಪಕ್ಕ ಬಂದರೆ ಪ್ಲೇಯರ್ ಕೆಟ್ಟಿದೆಯೇನೋ ಅನ್ನಿಸುತ್ತದೆ.

ನಾಲ್ಕು ದಿನ ಕೊಡುವಷ್ಟು ತಾಳ್ಮೆ ಇಲ್ಲವೆಂದರೆ ಆರು ಹಾಡು ಸಾಕು: ‘ಮೈ ಸ್ವೀಟ್ ಲಾರ್ಡ್’, ‘ವಾಟ್ ಈಸ್ ಲೈಫ್’, ‘ಬಿಹೈಂಡ್ ದ್ಯಾಟ್ ಲಾಕ್ಡ್ ಡೋರ್’, ‘ರನ್ ಆಫ್ ದ ಮಿಲ್’, ‘ಬಿವೇರ್ ಆಫ್ ಡಾರ್ಕ್‌ನೆಸ್’, ಶೀರ್ಷಿಕೆ ಗೀತೆ. ‘ವಾ-ವಾ’ವನ್ನು ಬೇಕೆಂದೇ ಬಿಟ್ಟಿದ್ದೇವೆ. ಕಾರಣ ಮುಂದಿದೆ.

ಸದ್ದಿನ ಗೋಡೆ

ನಿರ್ಮಾಪಕರು ಜಾರ್ಜ್ ಮತ್ತು ಫಿಲ್ ಸ್ಪೆಕ್ಟರ್. ಸ್ಪೆಕ್ಟರ್ ಪದ್ಧತಿಗೆ ‘ವಾಲ್ ಆಫ್ ಸೌಂಡ್’ ಎಂದು ಹೆಸರು. ಒಂದೇ ಕೋಣೆಯಲ್ಲಿ ಮೂರು ನಾಲ್ಕು ಅಕೂಸ್ಟಿಕ್ ಗಿಟಾರ್, ಎರಡು ಕೀಬೋರ್ಡ್, ಒಮ್ಮೊಮ್ಮೆ ಎರಡು ಡ್ರಮ್ ಕೂರಿಸಿ ಎಲ್ಲರ ಕೈಯಲ್ಲೂ ಒಟ್ಟಿಗೆ ನುಡಿಸುವುದು, ಆಮೇಲೆ ಅದರ ಮೇಲೆ ಪ್ರತಿಧ್ವನಿ ಸುರಿಯುವುದು. ಅಕೂಸ್ಟಿಕ್ ಗಿಟಾರ್‌ಗಳನ್ನು ಹೆಚ್ಚಾಗಿ ಬಾರಿಸಿದವರು ಬ್ಯಾಡ್‌ಫಿಂಗರ್ ತಂಡದ ಹುಡುಗರು. ಒಬ್ಬರ ಮೈಕಿಗೆ ಇನ್ನೊಬ್ಬರ ವಾದ್ಯ ನುಸುಳುತ್ತದೆ. ಯಾವ ವಾದ್ಯವೂ ತನ್ನ ಜಾಗದಲ್ಲಿ ಬೇರೆಯಾಗಿ ನಿಲ್ಲುವುದಿಲ್ಲ, ಎಲ್ಲ ಕಲಸಿ ಒಂದೇ ದೊಡ್ಡ ಸದ್ದಾಗುತ್ತದೆ. ಬೇಕಾಗಿದ್ದೂ ಅದೇ.

ತೊಂದರೆ ಬರುವುದು ಸಣ್ಣ ಸ್ಪೀಕರ್‌ನಲ್ಲಿ. ಗಿಟಾರ್, ಪಿಯಾನೋ, ಆರ್ಗನ್, ಹಿತ್ತಾಳೆ ವಾದ್ಯ, ಕಂಠ, ಇವೆಲ್ಲ ಮಧ್ಯದ ಫ್ರೀಕ್ವೆನ್ಸಿಗಳಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಫೋನ್ ಸ್ಪೀಕರ್ ಮತ್ತು ಅಂಗೈ ಗಾತ್ರದ ಬ್ಲೂಟೂತ್ ಡಬ್ಬಿಗಳು ಕೊಡುವುದೂ ಆ ಮಧ್ಯವನ್ನೇ. ಬೇಸ್ ಹೋಗುತ್ತದೆ, ಎಡ-ಬಲ ಒಂದಾಗುತ್ತದೆ, ಉಳಿಯುವುದು ಗಜಿಬಿಜಿ. ಈ ಆಲ್ಬಂನಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಹಾಡು ‘ವಾ-ವಾ’. ಒಳ್ಳೆಯ ಹೆಡ್‌ಫೋನ್ ಸಿಗುವವರೆಗೆ ಅದನ್ನು ಮುಂದೂಡಿ. ಹೆಡ್‌ಫೋನ್ ದುಬಾರಿಯದ್ದೇ ಆಗಬೇಕಿಲ್ಲ, ತಂತಿ ಇರುವ ಸಾಧಾರಣದ್ದೂ ಆದೀತು. ಎಡ-ಬಲ ಬೇರೆಬೇರೆಯಾಗಿ ಕೇಳಬೇಕು, ‘ಬೇಸ್ ಬೂಸ್ಟ್’ ಆಫ್ ಆಗಿರಬೇಕು, ಅಷ್ಟೇ.

ಪಕ್ಕದಲ್ಲಿಟ್ಟು ನೋಡಲು ಒಂದು ಒಳ್ಳೆಯ ಉದಾಹರಣೆ ಇದೆ. ಜಾನ್ ಲೆನನ್ ಅವರ ‘ಪ್ಲಾಸ್ಟಿಕ್ ಓನೋ ಬ್ಯಾಂಡ್’ ಎರಡೇ ವಾರ ತಡವಾಗಿ ಬಂತು. ಅದರ ನಿರ್ಮಾಣದಲ್ಲೂ ಸ್ಪೆಕ್ಟರ್ ಹೆಸರಿದೆ. ಅದರಲ್ಲೂ ಡ್ರಮ್ ರಿಂಗೋ ಸ್ಟಾರ್, ಬೇಸ್ ಕ್ಲಾಸ್ ಫೋರ್ಮನ್. ಸದ್ದು ಮಾತ್ರ ಎಲುಬು ಕಾಣುವಷ್ಟು ಬೋಳು. ಎಂದರೆ ಗೋಡೆ ಕಟ್ಟಿದ್ದು ಸ್ಪೆಕ್ಟರ್ ಒಬ್ಬರೇ ಅಲ್ಲ, ಆ ದಿನಗಳಲ್ಲಿ ಜಾರ್ಜ್‌ಗೂ ಅದು ಬೇಕಿತ್ತು.

ಯಾವ ಮಿಕ್ಸ್?

ಮಿಕ್ಸ್ ಅಂದರೆ ಟೇಪ್ ಮೇಲಿನ ವಾದ್ಯ, ಕಂಠಗಳ ಮಟ್ಟ ಹೊಂದಿಸಿ ಒಟ್ಟುಗೂಡಿಸಿದ ರೂಪ. ಈಗ ಸುಲಭವಾಗಿ ಸಿಗುವುದು ಮೂರು. ಒಂದು, 1970ರ ಮೂಲ ಮಿಕ್ಸ್. ಸ್ಟ್ರೀಮಿಂಗ್‌ನಲ್ಲಿ ಇದು 2014ರ ರೀಮಾಸ್ಟರ್ ಆಗಿ ಸಿಗುತ್ತದೆ. ಎರಡು, 2001ರ ಜನವರಿಯ ಸಿಡಿ. ಮೂರು, 2021ರ ಆಗಸ್ಟ್ 6ರಂದು ಬಂದ 50ನೇ ವರ್ಷದ ಆವೃತ್ತಿ. ರೀಮಾಸ್ಟರ್ ಅಂದರೆ ಅದೇ ಮಿಕ್ಸ್‌ನ ಒಟ್ಟು ಸದ್ದನ್ನು ತಿದ್ದುವುದು. ರೀಮಿಕ್ಸ್ ಅಂದರೆ ಮೂಲ ಟೇಪ್‌ಗೆ ಹೋಗಿ ಒಂದೊಂದು ವಾದ್ಯದ ಮಟ್ಟವನ್ನೂ ಮತ್ತೆ ಹೊಂದಿಸುವುದು. 2001 ಮತ್ತು 2014 ಮೊದಲ ಬಗೆ, 2021 ಎರಡನೆಯದು.

2001ರ ಮುದ್ರಣವನ್ನು ಜಾರ್ಜ್ ತಾವೇ ನಿಂತು ಮಾಡಿಸಿದರು. ಮೂಲದಲ್ಲಿ ಕಪ್ಪು-ಬಿಳುಪಾಗಿದ್ದ ಮುಖಪುಟದ ಫೋಟೋಗೆ ಬಣ್ಣ ಹಚ್ಚಿಸಿದರು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಈ ಸಿಡಿಯನ್ನು ಗುರುತಿಸುವುದು ಅದರಿಂದಲೇ. ಎಲ್ಲ ಹಾಡನ್ನೂ ಮತ್ತೆ ಮಿಕ್ಸ್ ಮಾಡುವ ಆಸೆಯನ್ನು ತಡೆಯುವುದು ಕಷ್ಟವಾಯಿತು ಎಂದು ಅದರ ಟಿಪ್ಪಣಿಯಲ್ಲಿ ಬರೆದರು. ಅದೇ ವರ್ಷ ನವೆಂಬರ್ 29ರಂದು ತೀರಿಕೊಂಡರು. ಇಪ್ಪತ್ತು ವರ್ಷದ ಮೇಲೆ ಮಗ ಧಾನಿ ಹ್ಯಾರಿಸನ್ ಉಸ್ತುವಾರಿಯಲ್ಲಿ ಎಂಜಿನಿಯರ್ ಪಾಲ್ ಹಿಕ್ಸ್ ಆ ರೀಮಿಕ್ಸ್ ಮಾಡಿದರು. ಅದರಲ್ಲಿ ಕಂಠ ಮುಂದೆ ಬಂದಿದೆ, ಬೇಸ್‌ಗೆ ಮೈ ತುಂಬಿದೆ, ಪ್ರತಿಧ್ವನಿ ಕರಗಿದೆ. ಪೂರ್ತಿ ಹೋಗಿಲ್ಲ, ಹೋಗಬಾರದು ಕೂಡ.

ನಮ್ಮ ತೀರ್ಪು: ಮೊದಲ ಸಲ ಕೇಳುವವರಿಗೆ 2021. ಹಾಡುಗಳು ಬಾಯಿಗೆ ಬಂದ ಮೇಲೆ 1970ರ ಮಿಕ್ಸ್. 2001ರ ಸಿಡಿಯನ್ನು ‘ಐ ಲಿವ್ ಫಾರ್ ಯು’ ಮತ್ತಿತರ ಹೆಚ್ಚುವರಿ ಟ್ರ್ಯಾಕ್‌ಗಳಿಗೋಸ್ಕರ ಕೊಳ್ಳಬಹುದು, ಮುಖ್ಯ ಆಲ್ಬಂಗೋಸ್ಕರ ಬೇಡ. ಅದರಲ್ಲಿರುವ, ಹೊಸದಾಗಿ ಹಾಡಿದ 2000ರ ‘ಮೈ ಸ್ವೀಟ್ ಲಾರ್ಡ್’ ಮೂಲದ ಹತ್ತಿರಕ್ಕೂ ಬರುವುದಿಲ್ಲ. ಎಲ್ಲ ಹಾಡಿಗೂ 2021 ಗೆಲ್ಲುತ್ತದೆ ಎಂದೂ ಅಲ್ಲ. ‘ರನ್ ಆಫ್ ದ ಮಿಲ್’, ‘ಬಿವೇರ್ ಆಫ್ ಡಾರ್ಕ್‌ನೆಸ್’ ಹೊಸದರಲ್ಲಿ ಉಸಿರಾಡುತ್ತವೆ. ‘ಲೆಟ್ ಇಟ್ ಡೌನ್’ ಮಾತ್ರ ಹಳೆಯದರಲ್ಲೇ ಸರಿ: ಪಿಸುಮಾತಿನಂಥ ಸಾಲುಗಳಾದ ಮೇಲೆ ಇಡೀ ತಂಡ ಮೇಲೆ ಬಿದ್ದಂತೆ ನುಗ್ಗುವುದೇ ಆ ಹಾಡಿನ ಜೀವ, ಅದನ್ನು ಹಸನು ಮಾಡಿದಷ್ಟೂ ಪೆಟ್ಟು ಮೆತ್ತಗಾಗುತ್ತದೆ.

ಎರಡು ಮಿಕ್ಸ್ ಹೋಲಿಸುವಾಗ ಎಲ್ಲರೂ ಬೀಳುವ ಒಂದು ಹಳ್ಳ ಇದೆ. ಯಾವುದು ಜೋರಾಗಿದೆಯೋ ಅದೇ ಚೆನ್ನಾಗಿದೆ ಅನ್ನಿಸುತ್ತದೆ. ಆದ್ದರಿಂದ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲ ಹಾಡಿನ ಜೋರನ್ನೂ ಒಂದೇ ಮಟ್ಟಕ್ಕೆ ತರುವುದು) ಆನ್ ಮಾಡಿ, ಈಕ್ವಲೈಸರ್ ಆಫ್ ಮಾಡಿ. ಒಂದೇ ಹಾಡಿನ ಮೊದಲ ಒಂದು ನಿಮಿಷವನ್ನು ಎರಡರಲ್ಲೂ ಕೇಳಿ. ಕಂಠದ ದೊಡ್ಡತನವನ್ನೇ ನೋಡುತ್ತ ಕೂರಬೇಡಿ, ಬೇಸ್ ಗಿಟಾರ್‌ನ ಒಂದು ಸಾಲನ್ನು ಹಿಡಿದು ಕೊನೆಯವರೆಗೆ ಹಿಂಬಾಲಿಸಿ. ಹಳೆಯದರಲ್ಲಿ ಅದು ಎಲ್ಲಿ ಕಳೆದುಹೋಗುತ್ತದೋ ಅಲ್ಲಿ ಗೋಡೆ ಇದೆ.

ಸೂಪರ್ ಡಿಲಕ್ಸ್ ಆವೃತ್ತಿಯನ್ನು ಗೊತ್ತಿಲ್ಲದೆ ಒತ್ತಿಬಿಟ್ಟರೆ 70 ಟ್ರ್ಯಾಕ್ ಸಾಲಾಗಿ ಬರುತ್ತವೆ. ಅದರಲ್ಲಿ 23 ಆಲ್ಬಂ, ಉಳಿದ 47 ಡೆಮೊ (ಹಾಡನ್ನು ತೋರಿಸಲು ಮಾಡಿದ ಕಚ್ಚಾ ಮುದ್ರಣ) ಮತ್ತು ಬಳಸದೆ ಬಿಟ್ಟ ಟೇಕ್‌ಗಳು. ಈ ಡೆಮೊಗಳೇ ಆ ಪೆಟ್ಟಿಗೆಯ ನಿಜವಾದ ಆಸ್ತಿ. 1970ರ ಮೇ 26ರಂದು ರಿಂಗೋ ಮತ್ತು ಫೋರ್ಮನ್ ಜತೆ, ಮರುದಿನ 27ರಂದು ಜಾರ್ಜ್ ಒಬ್ಬರೇ ಸ್ಪೆಕ್ಟರ್ ಮುಂದೆ ಕೂತು ಹಾಡುಗಳನ್ನು ಒಂದೊಂದಾಗಿ ಹಾಡಿ ತೋರಿಸಿದರು. ಗೋಡೆ ಯಾವ ಮಿಕ್ಸ್‌ನಲ್ಲೂ ಹಿಡಿಸಲಿಲ್ಲ ಅನ್ನುವವರಿಗೆ 27ರ ಡೆಮೊಗಳೇ ಮದ್ದು. ಇದೂ ಹೆಚ್ಚಾಯಿತು ಎಂದರೆ 2012ರ ‘ಅರ್ಲಿ ಟೇಕ್ಸ್: ವಾಲ್ಯೂಮ್ 1’ ಇದೆ: ಹತ್ತೇ ಹಾಡು, ಅರ್ಧ ಗಂಟೆ, ಅದರಲ್ಲಿ ಹೆಚ್ಚಿನವು ಇದೇ ಕಾಲದ್ದು.

‘ಮೈ ಸ್ವೀಟ್ ಲಾರ್ಡ್’ ಹತ್ತಿರದಿಂದ

ಇದನ್ನು ಎಲ್ಲರೂ ಕೇಳಿರುತ್ತಾರೆ, ಸರಿಯಾಗಿ ಕೇಳಿದವರು ಕಡಿಮೆ. ಎರಡು ಸ್ಲೈಡ್ ಗಿಟಾರ್ (ಬೆರಳಿಗೆ ಹಾಕಿದ ಕೊಳವೆಯನ್ನು ತಂತಿಯ ಮೇಲೆ ಜಾರಿಸಿ ನುಡಿಸುವುದು) ಸಾಲುಗಳು ಒಂದರ ಮೇಲೊಂದು ಕೂತಿವೆ, ಎರಡೂ ಜಾರ್ಜ್ ಕೈಯವು. ಸ್ಲೈಡ್ ಅವರಿಗೆ ಅಂಟಿದ್ದು 1969ರ ಡಿಸೆಂಬರ್‌ನಲ್ಲಿ ಡಿಲೇನಿ ಅಂಡ್ ಬಾನಿ ತಂಡದ ಜತೆ ಊರೂರು ಸುತ್ತುವಾಗ. ಅದಕ್ಕೂ ಮೊದಲು ರವಿಶಂಕರ್ ಅವರ ಬಳಿ ಸಿತಾರ್ ಕಲಿತಿದ್ದರು. ಬ್ಲೂಸ್ ಗಿಟಾರಿಸ್ಟರು ಸ್ಲೈಡನ್ನು ಒರಟಾಗಿ ಎಳೆಯುತ್ತಾರೆ; ಇಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ ಮೀಂಡ್‌ಗೆ ಹತ್ತಿರ, ಸ್ವರ ತಲುಪಿದ ಮೇಲೆ ಅಲುಗಾಟ ಬಹಳ ಕಡಿಮೆ.

ಹಾಡು ಶುರುವಾಗುವುದು ಮೂರರ ಶ್ರುತಿಯಲ್ಲಿ, ಅಂದರೆ ‘ಇ’. ನಡುವಿನಲ್ಲಿ ಇಡೀ ಹಾಡು ಒಂದು ಪೂರ್ಣ ಸ್ವರ ಮೇಲೇರಿ ನಾಲ್ಕೂವರೆ ಶ್ರುತಿಗೆ ಹೋಗುತ್ತದೆ. ಗಿಟಾರ್ ನುಡಿಸುವವರು ಎರಡನೇ ಫ್ರೆಟ್‌ನಲ್ಲಿ ಕೇಪೋ ಹಾಕಿ ಇ ಮೈನರ್–ಎ, ಡಿ–ಬಿ ಮೈನರ್ ಹಿಡಿದುಕೊಂಡು ಹಾಯಾಗಿ ಹೋಗುತ್ತಿರುತ್ತಾರೆ, ಈ ಏರಿನಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿಂದ ಎಫ್ ಶಾರ್ಪ್ ಮೈನರ್–ಬಿ, ಇ–ಸಿ ಶಾರ್ಪ್ ಮೈನರ್ ಹಿಡಿತಕ್ಕೆ ಬದಲಾಯಿಸಬೇಕು. ಬ್ಯಾರೆ ಕಾರ್ಡ್ ಗಟ್ಟಿ ಇಲ್ಲದವರು ಮೊದಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಹಿಮ್ಮೇಳ ‘ಹಲ್ಲೆಲೂಯ’ದಿಂದ ಶುರುವಾಗಿ ಗೊತ್ತೇ ಆಗದಂತೆ ‘ಹರೇ ಕೃಷ್ಣ’ಕ್ಕೆ ಹೊರಳುತ್ತದೆ. ಇನ್ನೂ ಮುಂದೆ ಹೋದರೆ ನಮ್ಮ ಶಾಲೆಗಳ ಪ್ರಾರ್ಥನೆಯಲ್ಲಿ ಹೇಳಿಸುವ ‘ಗುರುರ್ಬ್ರಹ್ಮಾ ಗುರುರ್ವಿಷ್ಣುಃ’ ಶ್ಲೋಕ ಬರುತ್ತದೆ. ಅದು ಹಿಂದೆ ಕೂತಿದೆ, ಫೋನ್ ಸ್ಪೀಕರ್‌ನಲ್ಲಿ ಸಿಗುವುದೇ ಇಲ್ಲ. ಆ ಹಿಮ್ಮೇಳಕ್ಕೆ ಕೊಟ್ಟ ಹೆಸರು ‘ಜಾರ್ಜ್ ಓಹಾರಾ-ಸ್ಮಿತ್ ಸಿಂಗರ್ಸ್’: ಜಾರ್ಜ್ ತಮ್ಮದೇ ದನಿಯನ್ನು ಮತ್ತೆ ಮತ್ತೆ ಪೇರಿಸಿ ಮಾಡಿದ್ದು. ಈ ಹಾಡಿನ ಮೇಲೆ ನಡೆದ ಮೊಕದ್ದಮೆಯೂ ತಿಳಿದಿರಲಿ. 1963ರ ‘ಹೀ ಈಸ್ ಸೋ ಫೈನ್’ ಹಾಡಿನ ಧಾಟಿಯನ್ನು ಅರಿವಿಲ್ಲದೆಯೇ ನಕಲು ಮಾಡಿದ್ದಾರೆ ಎಂದು 1976ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಎರಡನ್ನೂ ಒಂದಾದ ಮೇಲೊಂದು ಕೇಳಿ, ಮೊದಲ ಮೂರು ಸ್ವರಕ್ಕೇ ಗೊತ್ತಾಗುತ್ತದೆ.

ವೇದಿಕೆಯೋ, ಸ್ಟುಡಿಯೋವೋ

‘ಕಾನ್ಸರ್ಟ್ ಫಾರ್ ಬಾಂಗ್ಲಾದೇಶ್’ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಧ್ಯಾಹ್ನ ಒಂದು, ರಾತ್ರಿ ಒಂದು ಪ್ರದರ್ಶನವಾಗಿ ನಡೆಯಿತು. ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಹೀಗೊಂದು ಕಾರ್ಯಕ್ರಮ ಮಾಡಿ ಎಂದು ಜಾರ್ಜ್ ಅವರನ್ನು ಕೇಳಿಕೊಂಡವರು ರವಿಶಂಕರ್. ಟಿಕೆಟ್‌ನಿಂದ ಬಂದ 2,43,418 ಡಾಲರ್ ಯುನಿಸೆಫ್‌ಗೆ ಹೋಯಿತು. ಜಾರ್ಜ್ ಹಾಡುಗಳಿಗಾಗಿ ಕೇಳುವುದಾದರೆ ಇದು ಅರ್ಧ ಆಲ್ಬಂ ಮಾತ್ರ. ಬಾಬ್ ಡಿಲನ್, ಲಿಯಾನ್ ರಸೆಲ್, ಬಿಲಿ ಪ್ರೆಸ್ಟನ್, ರಿಂಗೋ ಎಲ್ಲರಿಗೂ ಪಾಲಿದೆ. ಆದರೆ ‘ವಾ-ವಾ’ ಏನೆಂದು ತಿಳಿಯಬೇಕಾದರೆ ಇಲ್ಲಿಗೇ ಬರಬೇಕು. ವೇದಿಕೆಯಲ್ಲೂ ಎರಡು ಡ್ರಮ್, ಹಿತ್ತಾಳೆ ವಾದ್ಯಗಳ ದಂಡು, ಸಾಲು ಗಿಟಾರ್ ಇವೆ. ಪ್ರತಿಧ್ವನಿ ಕಡಿಮೆಯಾದ್ದರಿಂದ ಮೂಳೆ ಮಾಂಸ ಬೇರೆಬೇರೆ ಕಾಣುತ್ತದೆ. ‘ಹಿಯರ್ ಕಮ್ಸ್ ದ ಸನ್’ ಎರಡೇ ಅಕೂಸ್ಟಿಕ್ ಗಿಟಾರ್‌ನಲ್ಲಿ, ಎರಡನೆಯದು ಬ್ಯಾಡ್‌ಫಿಂಗರ್‌ನ ಪೀಟ್ ಹ್ಯಾಮ್.

ಮೊದಲ ಬದಿಯ ‘ಬಾಂಗ್ಲಾ ಧುನ್’ ಅನ್ನು ಹಾರಿಸಬೇಡಿ. ಸಿತಾರ್ ರವಿಶಂಕರ್, ಸರೋದ್ ಅಲಿ ಅಕ್ಬರ್ ಖಾನ್, ತಬಲಾ ಅಲ್ಲಾ ರಖಾ, ತಂಬೂರಿ ಕಮಲಾ ಚಕ್ರವರ್ತಿ. ಶ್ರುತಿ ಕೂಡಿಸಿದ್ದಕ್ಕೇ ಸಭೆ ಚಪ್ಪಾಳೆ ತಟ್ಟುತ್ತದೆ, ಶ್ರುತಿಯೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸಬಹುದು ಎಂದು ರವಿಶಂಕರ್ ನಯವಾಗಿ ಚುಚ್ಚುತ್ತಾರೆ. 2014ರ ‘ಆಪಲ್ ಇಯರ್ಸ್’ ಬಾಕ್ಸ್ ಕೊಂಡರೆ ಎಲ್ಲವೂ ಬಂತು ಎಂದುಕೊಳ್ಳುವವರು ಗಮನಿಸಿ, ಈ ಆಲ್ಬಂ ಅದರಲ್ಲಿಲ್ಲ.

1973: ಗೋಡೆ ಕೆಡವಿದ ಮೇಲೆ

‘ಲಿವಿಂಗ್ ಇನ್ ದ ಮೆಟೀರಿಯಲ್ ವರ್ಲ್ಡ್’ನಲ್ಲಿ 11 ಹಾಡು, ಮುಕ್ಕಾಲು ಗಂಟೆಗಿಂತ ಒಂಚೂರು ಕಡಿಮೆ. ನಿರ್ಮಾಣ ಜಾರ್ಜ್ ಅವರದೇ. ಸ್ಪೆಕ್ಟರ್ ಕೈವಾಡ ಇರುವುದು ‘ಟ್ರೈ ಸಮ್ ಬೈ ಸಮ್’ನಲ್ಲಿ ಮಾತ್ರ, ಅದರ ವಾದ್ಯಭಾಗ 1971ರದ್ದು; ಬೇರೆ ಹಾಡುಗಳ ನಡುವೆ ಅದೊಂದೇ ಭಾರವಾಗಿ ಕೇಳಿಸುವುದು ಅದಕ್ಕೇ. ಉಳಿದಂತೆ ನಿಕಿ ಹಾಪ್ಕಿನ್ಸ್ ಪಿಯಾನೋ, ಜಿಮ್ ಕೆಲ್ಟ್ನರ್ ಡ್ರಮ್, ಫೋರ್ಮನ್ ಬೇಸ್, ಮತ್ತು ಎಲ್ಲ ಕಡೆ ಸ್ಲೈಡ್. ‘ಗಿವ್ ಮಿ ಲವ್’ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಏರಿದಾಗ ಅಲ್ಲಿಂದ ಇಳಿದದ್ದು ಪಾಲ್ ಮೆಕಾರ್ಟ್ನಿಯವರ ‘ಮೈ ಲವ್’.

ಶೀರ್ಷಿಕೆ ಗೀತೆಯನ್ನು ಹೆಡ್‌ಫೋನ್‌ನಲ್ಲಿ ಕೇಳಿ. ರಾಕ್ ಧಾಟಿಯಲ್ಲಿ ಓಡುತ್ತಿರುವ ಹಾಡು ನಡುವೆ ನಿಂತು ಸಿತಾರ್, ತಬಲಾಕ್ಕೆ ಇಳಿಯುತ್ತದೆ, ಮತ್ತೆ ಹಾರಿ ರಾಕ್‌ಗೆ ಬರುತ್ತದೆ. ಲೋಕದ ಜಂಜಾಟಕ್ಕೆ ಒಂದು ತಾಳ, ಒಳಗಿನ ಶಾಂತಿಗೆ ಇನ್ನೊಂದು. ತಬಲಾ ನುಡಿಸಿದವರು ಜಾಕಿರ್ ಹುಸೇನ್, ಆಗ ಇಪ್ಪತ್ತೆರಡರ ಆಸುಪಾಸಿನ ಹುಡುಗ. ‘ಬಿ ಹಿಯರ್ ನೌ’ ತಂಬೂರಿಯಂಥ ಶ್ರುತಿಯ ಮೇಲೆ ನಿಂತ ಹಾಡು, ಬೇಕೆಂದೇ ನಡುನಡುವೆ ಜಾಗ ಬಿಟ್ಟು ಹಾಡಿದ್ದಾರೆ.

ದೂರುವುದಕ್ಕೂ ಇದೆ. ಎರಡನೇ ಬದಿಯಲ್ಲಿ ನಿಧಾನಗತಿಯ ಹಾಡುಗಳೇ ಹೆಚ್ಚು, ಬೋಧನೆಯ ದನಿಯೂ ಹೆಚ್ಚು. ಅಲ್ಲಿ ಬೇಸರ ಬಂದರೆ ಮೊದಲ ಬದಿಯ ‘ಸೂ ಮಿ, ಸೂ ಯು ಬ್ಲೂಸ್’ಗೆ ವಾಪಸು ಹೋಗಿ, ಬೀಟಲ್ಸ್ ಮಾಜಿಗಳು ಪರಸ್ಪರ ಕೋರ್ಟು ಹತ್ತಿದ್ದರ ಮೇಲೆ ಬರೆದ ಕುಹಕ ಅದು. ಮಿಕ್ಸ್‌ನ ತಲೆಬಿಸಿ ಇಲ್ಲಿ ಅಷ್ಟಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಹೊಸ ಮಿಕ್ಸ್ ಸೊಗಸಾಗಿದೆ, ಹಳೆಯದೂ ಸ್ವಚ್ಛವಾಗಿಯೇ ಇದೆ. ಯಾವುದು ಸಿಕ್ಕರೂ ನಡೆಯುತ್ತದೆ.

ಎಲ್‌ಪಿ ಕೊಳ್ಳುವವರಿಗೆ

1970ರ ಪೆಟ್ಟಿಗೆಯ ಹಳೆಯ ಮುದ್ರಣ ಕೈಗೆ ಸಿಕ್ಕರೆ ಮುಚ್ಚಳ ಮಡಚುವ ಜಾಗವನ್ನು ಮೊದಲು ನೋಡಿ, ಮೂರು ಡಿಸ್ಕ್‌ನ ಭಾರಕ್ಕೆ ಅಲ್ಲೇ ಹರಿಯುವುದು. ಒಳಗೆ ಪೋಸ್ಟರ್ ಇರಬೇಕು. ಮೂರನೇ ಡಿಸ್ಕ್‌ನ ಲೇಬಲ್ ಮೇಲೆ ಆಪಲ್ ಕಂಪನಿಯ ಗುರುತಾದ ಸೇಬಿನ ಬದಲು ಜಾಮ್ ಬಾಟಲಿ ಇರಬೇಕು. ಅದು ಹೊಳೆಯುತ್ತಿದ್ದು ಮೊದಲೆರಡು ಡಿಸ್ಕ್ ಸವೆದಿದ್ದರೆ ಆಶ್ಚರ್ಯ ಬೇಡ, ಹಿಂದಿನ ಮಾಲೀಕರೂ ನಾವು ಹೇಳಿದ ಹಾಗೇ ಕೇಳಿದ್ದಾರೆ. ಪರೀಕ್ಷೆಗೆ ಮೊದಲ ಬದಿಯ ಒಳಸುತ್ತು ಹಾಕಿ, ಅಲ್ಲಿರುವುದು ‘ಇಸಂಟ್ ಇಟ್ ಎ ಪಿಟಿ’ಯ ಕೊನೆ. ಒಳಸುತ್ತಿನಲ್ಲಿ ಮುಳ್ಳಿನ ಕೆಳಗೆ ಗೀರು ಓಡುವ ವೇಗ ಕಡಿಮೆ, ಆದ್ದರಿಂದ ಸವೆತ ಮೊದಲು ಒರಕಲಾಗಿ ಕೇಳಿಸುವುದು ಅಲ್ಲೇ. ತಂತಿವಾದ್ಯಗಳು ಗೊರಗೊರ ಅಂದರೆ ಬಿಟ್ಟುಬಿಡಿ.

ಮತ್ತೆ ‘ಡಾರ್ಕ್ ಹಾರ್ಸ್’

ಇದನ್ನು ನಾಲ್ಕನೆಯದಾಗಿಯೇ ಕೇಳಬೇಕು. 1974ರಲ್ಲಿ ಪ್ರವಾಸದ ತಾಲೀಮು ಮತ್ತು ಆಲ್ಬಂ ಎರಡನ್ನೂ ಒಟ್ಟಿಗೆ ಮೈಮೇಲೆ ಎಳೆದುಕೊಂಡು ಜಾರ್ಜ್ ಗಂಟಲು ಕೆಡಿಸಿಕೊಂಡರು. ಶೀರ್ಷಿಕೆ ಗೀತೆಯಲ್ಲಿ ಗೊಗ್ಗರು ದನಿ ಸ್ಪಷ್ಟವಾಗಿ ಕೇಳುತ್ತದೆ. ಇದರಿಂದ ಶುರು ಮಾಡಿದವರಿಗೆ ಅವರ ಕಂಠವೇ ಹೀಗೆ ಅನ್ನಿಸಿಬಿಡುತ್ತದೆ. ಆ ಪ್ರವಾಸದಲ್ಲಿ ರವಿಶಂಕರ್ ಅವರ ದೊಡ್ಡ ತಂಡವೂ ಇತ್ತು: ಎಲ್. ಸುಬ್ರಹ್ಮಣ್ಯಂ ಅವರ ಪಿಟೀಲು, ಟಿ.ವಿ. ಗೋಪಾಲಕೃಷ್ಣನ್ ಅವರ ಮೃದಂಗ, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು.

ಒಂಬತ್ತು ಟ್ರ್ಯಾಕ್‌ಗಳಲ್ಲಿ ಉಳಿಸಿಕೊಳ್ಳಬೇಕಾದ್ದು ಮೂರು. ‘ಸೋ ಸ್ಯಾಡ್’, ರಾನ್ ವುಡ್ ಜತೆ ಬರೆದ ‘ಫಾರ್ ಈಸ್ಟ್ ಮ್ಯಾನ್’, ವೃಂದಾವನಕ್ಕೆ ಹೋಗಿ ಬಂದ ಮೇಲೆ ಹುಟ್ಟಿದ ‘ಇಟ್ ಈಸ್ ಹೀ (ಜೈ ಶ್ರೀ ಕೃಷ್ಣ)’. ಕೊನೆಯದು ಭಜನೆಯ ಮನೆಯಲ್ಲಿ ಬೆಳೆದವರಿಗೆ ತಕ್ಷಣ ನಾಲಿಗೆಗೆ ಹತ್ತುತ್ತದೆ, ಪಾಶ್ಚಾತ್ಯ ವಿಮರ್ಶಕರಿಗೆ ಯಾಕೆ ಹತ್ತಲಿಲ್ಲ ಅನ್ನುವುದೂ ಅರ್ಥವಾಗುತ್ತದೆ. ‘ಬೈ ಬೈ ಲವ್’ ಅನ್ನು ಒಂದು ಸಲ ಕೇಳಿದರೆ ಸಾಕು.